ಮೊಲ, ಉಡ, ಆಮೆ: ಆದಿಮಾನವರ ದಿನದ ಊಟ



ಇವತ್ತು ನಿಮ್ಮ ಮನೆಯಲ್ಲಿ ಏನು ಅಡಿಗೆ? ಜೋಳದ ರೊಟ್ಟಿ, ಹೆಸರುಕಾಳಿನ ಪಲ್ಯ, ಒಂದಿಷ್ಟು ಹಿಂಡಿ ಇರಬಹುದು. ಜೋಳ ಹೊಲದಿಂದ ಬಂತು. ಉಪ್ಪು ಸಂತೆಯಿಂದ ಬಂತು. ಬೇಯಿಸಲು ಪಾತ್ರೆ ಇದೆ.

ಹೊಲ ಇಲ್ಲದ, ಸಂತೆ ಇಲ್ಲದ, ಒಂದು ಗಡಿಗೆ ಸಹ ಇಲ್ಲದ ಕಾಲ ಒಂದಿತ್ತು. ಆಗಲೂ ನಮ್ಮ ಈ ಸೀಮೆಯಲ್ಲಿ ಜನ ಇದ್ದರು. ಮಲಪ್ರಭೆಯ ದಂಡೆಯಲ್ಲಿ, ಘಟಪ್ರಭೆಯ ದಂಡೆಯಲ್ಲಿ, ಬಾದಾಮಿಯ ಗುಡ್ಡದಲ್ಲಿ ಓಡಾಡಿದರು. ಮಕ್ಕಳನ್ನು ಹೆತ್ತರು, ಸಾಕಿದರು. ಅವರು ಏನು ತಿಂತಿದ್ರು? ಹ್ಯಾಂಗ ಬದುಕಿದ್ರು? ಬನ್ನಿ, ತಿಳಿದುಕೊಳ್ಳೋಣ.

ಕಲ್ಲು ಹೇಳುವ ಕಥೆ

ಆ ಜನರಿಗೆ ಅಕ್ಷರ ಇರಲಿಲ್ಲ. ನಮ್ಮ ಕಥೆ ಹೀಗೆ ಅಂತ ಅವರು ಬರೆದಿಡಲಿಲ್ಲ. ಆದರೆ ಅವರು ಬಳಸಿದ ಕಲ್ಲು ಉಳಿದಿದೆ. ಕೆಲವು ಕಡೆ ಅವರು ತಿಂದು ಬಿಸಾಕಿದ ಎಲುಬು ಉಳಿದಿದೆ. ತಿಳಿದವರು ಅವನ್ನು ಓದುತ್ತಾರೆ. ನಾವು ಅಕ್ಷರ ಕೂಡಿಸಿ ಓದಿದ ಹಾಗೆ ಅವರು ಕಲ್ಲು, ಎಲುಬು ಕೂಡಿಸಿ ಓದುತ್ತಾರೆ.

ರಾಬರ್ಟ್ ಬ್ರೂಸ್ ಫೂಟ್ ಅಂತ ಒಬ್ಬ ಇಂಗ್ಲಿಷ್ ಅಧಿಕಾರಿ ಇದ್ದ. ಭೂಮಿಯೊಳಗಿನ ಕಲ್ಲು ಮಣ್ಣು ಪರೀಕ್ಷೆ ಮಾಡುವುದು ಅವನ ಕೆಲಸ. 1863ರಲ್ಲಿ ಮದರಾಸಿನ ಹತ್ತಿರ ಪಲ್ಲಾವರಂ ಎಂಬಲ್ಲಿ ಅವನಿಗೆ ಒಂದು ಕಲ್ಲಿನ ಕೊಡಲಿ ಸಿಕ್ಕಿತು. ಅದು ಮನುಷ್ಯ ಕೈಯಿಂದ ಮಾಡಿದ ಆಯುಧ ಎಂದು ಅವನು ಗುರುತಿಸಿದ. ಆಮೇಲೆ ದಕ್ಷಿಣ ದೇಶವನ್ನೆಲ್ಲ ತಿರುಗಿದ. ನಮ್ಮ ಕಡೆಗೂ ಬಂದ.

ಆ ಮೇಲೆ ನಮ್ಮ ದೇಶದ ವಿದ್ವಾಂಸರೇ ಈ ಕೆಲಸ ಮಾಡಿದರು. ಆರ್. ವಿ. ಜೋಶಿ ಅವರು ಮಲಪ್ರಭೆಯ ದಂಡೆಗುಂಟ ಹುಡುಕಿ 1955ರಲ್ಲಿ ಪುಸ್ತಕ ಬರೆದರು. ಬಾದಾಮಿ ತಾಲೂಕಿನ ಖ್ಯಾಡ ಗ್ರಾಮದ ಹತ್ತಿರ ಹಳೆಯ ಕಲ್ಲಿನ ಆಯುಧಗಳು ಸಿಕ್ಕಿವೆ. ಬೀಳಗಿ ತಾಲೂಕಿನ ಅನಗವಾಡಿಯಲ್ಲಿ, ಘಟಪ್ರಭೆಯ ದಂಡೆಯಲ್ಲಿ, ಆರ್. ಎಸ್. ಪಪ್ಪು ಅವರು ಅಗೆದು ನೋಡಿದರು. ಅಲ್ಲಿಯೂ ಸಿಕ್ಕವು. ಲಖಮಾಪುರದಲ್ಲಿಯೂ ಸಿಕ್ಕವು. ಇವು ನೂರು ಇನ್ನೂರು ವರ್ಷದವಲ್ಲ. ಲಕ್ಷಗಟ್ಟಲೆ ವರ್ಷದ ಹಿಂದಿನವು.

ಈ ಆಯುಧಗಳನ್ನು ಗಟ್ಟಿಯಾದ ಬೆಣಚು ಜಾತಿಯ ಕಲ್ಲಿನಿಂದ ಮಾಡಿದ್ದಾರೆ. ಒಂದು ಕಲ್ಲಿನಿಂದ ಇನ್ನೊಂದು ಕಲ್ಲನ್ನು ಹೊಡೆಯಬೇಕು. ಚಕ್ಕೆ ಎಬ್ಬಿಸಬೇಕು. ಅಂಚು ಹರಿತ ಆಗಬೇಕು. ಇಳಕಲ್ಲಿನ ಕೆಂಪು ಕಲ್ಲು ಒಡೆಯುವ ಕೆಲಸಗಾರರನ್ನು ಕೇಳಿ ನೋಡಿ. ಯಾವ ಕಲ್ಲು ಹ್ಯಾಂಗ ಒಡೀತದ ಅನ್ನೋದು ಗೊತ್ತಿಲ್ಲದವನ ಕೈಯಾಗ ಕಲ್ಲು ಮಾತು ಕೇಳೂದಿಲ್ಲ. ಆ ಕಾಲದವರಿಗೂ ಆ ವಿದ್ಯೆ ಗೊತ್ತಿತ್ತು.

ದೊಡ್ಡ ಬೇಟೆ ದಿನಾ ಸಿಗುತ್ತಿತ್ತೇ?

ಆದಿಮಾನವ ಅಂದ ಕೂಡಲೆ ನಮ್ಮ ಕಣ್ಣ ಮುಂದೆ ಒಂದು ಚಿತ್ರ ಬರುತ್ತದೆ. ಹತ್ತಾರು ಗಂಡಸರು ಭರ್ಚಿ ಹಿಡಿದಿದ್ದಾರೆ. ದೊಡ್ಡ ಕಾಡೆಮ್ಮೆಯನ್ನೋ ಆನೆಯನ್ನೋ ಸುತ್ತುಗಟ್ಟಿದ್ದಾರೆ. ಪುಸ್ತಕದಲ್ಲಿ ಇಂಥ ಚಿತ್ರವೇ ಹೆಚ್ಚು.

ನಮ್ಮ ಸೀಮೆಯಲ್ಲಿ ದೊಡ್ಡ ಪ್ರಾಣಿ ಇದ್ದದ್ದು ನಿಜ. ಗೋಕಾಕ ಸೀಮೆಯಲ್ಲಿ ಫೂಟ್‌ಗೆ ಘೇಂಡಾಮೃಗದ ಎಲುಬು ಸಿಕ್ಕಿದ್ದವು. ಇವತ್ತು ಕಾಡಿನಲ್ಲಿ ಘೇಂಡಾಮೃಗ ನೋಡಬೇಕಾದರೆ ಅಸ್ಸಾಮಿನಂಥ ದೂರದ ಕಡೆ ಹೋಗಬೇಕು. ಒಂದು ಕಾಲಕ್ಕೆ ಅದು ನಮ್ಮ ಘಟಪ್ರಭೆಯ ಕಡೆಗೇ ಇತ್ತು.

ಆದರೆ ಒಂದು ವಿಚಾರ ಮಾಡಿ. ದೊಡ್ಡ ಕಾಡೆಮ್ಮೆ ಎಂಟುನೂರು ಕಿಲೋ ತೂಗಬಹುದು. ಅದು ತಿರುಗಿ ಬಿದ್ದರೆ ಇಬ್ಬರು ಮೂವರ ಜೀವ ಹೋದೀತು. ಎಂಟು ದಿನ ಬೆನ್ನು ಹತ್ತಿದರೂ ಸಿಗದೆ ಇರಬಹುದು. ಸಿಕ್ಕರೂ ಮಾಂಸ ಎಷ್ಟು ದಿನ ಇಡಲು ಆದೀತು? ನಮ್ಮ ಬಿಸಿಲಿಗೆ ಬೇಗ ಕೆಡುತ್ತದೆ. ಅಲ್ಲಿಯ ತನಕ ಮಕ್ಕಳು ಉಪವಾಸ ಇರಬೇಕೇ?

ಮಕ್ಕಳ ಹಸಿವು ದಿನಾ ಬರುತ್ತದೆ. ಅದಕ್ಕೆ ದಿನಾ ಸಿಗುವ ಊಟ ಬೇಕು. ಆ ದಿನದ ಊಟ ಕೊಟ್ಟಿದ್ದು ಗಡ್ಡೆ, ಗೆಣಸು, ಹಣ್ಣು, ಕಾಳು, ಜೇನು. ಇದರ ಜೊತೆಗೆ ಸಣ್ಣ ಪ್ರಾಣಿಗಳು. ಮೊಲ, ಉಡ, ಮುಳ್ಳುಹಂದಿ, ಆಮೆ, ಮೀನು, ಏಡಿ, ಇಲಿ, ಇಣಚಿ. ಹಕ್ಕಿಗಳಲ್ಲಿ ಕೌಜುಗ, ಬುರ್ಲಿ, ಬೆಳವ. ಒಂದೊಂದು ಸಣ್ಣದು. ಆದರೆ ಹನಿಗೂಡಿದರೆ ಹಳ್ಳ, ತೆನೆಗೂಡಿದರೆ ಬಳ್ಳ ಅಂತ ನಮ್ಮ ಹಿರಿಯರು ಹೇಳಿಲ್ಲವೇ?

ಎಲುಬು ಓದುವುದು ಹ್ಯಾಂಗ?

ನದಿಯ ದಂಡೆಯ ಗರಸಿನಲ್ಲಿ ಕಲ್ಲು ಉಳಿಯುತ್ತದೆ. ಎಲುಬು ಉಳಿಯುವುದು ಕಷ್ಟ. ಸಣ್ಣ ಪ್ರಾಣಿಯ ಎಲುಬಂತೂ ಬೇಗ ಪುಡಿಯಾಗುತ್ತದೆ. ನಾಯಿ ನರಿ ಕಡಿದು ಹೋಗುತ್ತವೆ. ಆದ್ದರಿಂದ ಎಲುಬು ಚೆನ್ನಾಗಿ ಉಳಿದ ನೆರೆಯ ಸೀಮೆಗಳ ಕಡೆಗೂ ನಾವು ನೋಡಬೇಕು.

ಯಾದಗಿರಿ ಜಿಲ್ಲೆಯ ಹುಣಸಗಿ ಬಯಲಿನಲ್ಲಿ ಇಸಾಂಪುರ ಎಂಬ ಊರಿದೆ. ಪುಣೆಯ ಡೆಕ್ಕನ್ ಕಾಲೇಜಿನ ಕೆ. ಪದ್ದಯ್ಯ ಅವರು ಅಲ್ಲಿ ಅಗೆದು ನೋಡಿದರು. ಅದು ಕಲ್ಲಿನ ಆಯುಧ ಮಾಡುವ ಜಾಗವಾಗಿತ್ತು. ಸುಮಾರು 12 ಲಕ್ಷ ವರ್ಷ ಹಳೆಯದು ಅಂತ ಒಂದು ಲೆಕ್ಕ ಬಂದಿದೆ. ಅಲ್ಲಿ ಕಾಡುದನದ ಹಲ್ಲುಗಳ ಜೊತೆಗೆ ಆಮೆಯ ಚಿಪ್ಪಿನ ಚೂರು ಸಹ ಸಿಕ್ಕವು.

ಪೂರ್ವಕ್ಕೆ, ಆಂಧ್ರದ ಕರ್ನೂಲು ಸೀಮೆಯಲ್ಲಿ, ಸುಣ್ಣಕಲ್ಲಿನ ಗವಿಗಳಿವೆ. ಸುಣ್ಣಕಲ್ಲು ಎಲುಬನ್ನು ಕಾಪಾಡುತ್ತದೆ. 1884ರಲ್ಲಿ ಫೂಟ್ ಮತ್ತು ಅವನ ಮಗ ಅಲ್ಲಿಯ ಬಿಲ್ಲಸುರ್ಗಂ ಗವಿಗಳನ್ನು ಅಗೆಸಿದರು. ದೊಡ್ಡ ಪ್ರಾಣಿ, ಸಣ್ಣ ಪ್ರಾಣಿ, ಎರಡರ ಎಲುಬೂ ರಾಶಿ ರಾಶಿ ಬಂದವು.

"ಗವಿಯಾಗ ಎಲುಬು ಸಿಕ್ಕರ ಮನಶ್ಯಾನ ತಿಂದಾನ ಅಂತ ಹ್ಯಾಂಗ ಹೇಳೂದು?" ಅಂತ ನೀವು ಕೇಳಬಹುದು. ಒಳ್ಳೆಯ ಪ್ರಶ್ನೆ. ಗೂಗಿ ಸಹ ಗವಿಯಲ್ಲಿ ಇರುತ್ತದೆ. ಗೂಗಿ ಇಲಿಯನ್ನು ಇಡಿಯಾಗಿ ನುಂಗುತ್ತದೆ. ಕರಗದ ಕೂದಲು ಎಲುಬನ್ನು ಉಂಡಿಯ ಹಾಗೆ ಮಾಡಿ ಉಗುಳುತ್ತದೆ. ಆ ಎಲುಬು ಸಹ ಗವಿಯ ಮಣ್ಣಿನಲ್ಲಿ ಸೇರುತ್ತದೆ.

ಅದಕ್ಕೇ ತಿಳಿದವರು ಎಲುಬನ್ನು ಸೂಕ್ಷ್ಮದರ್ಶಕದ ಕೆಳಗೆ ಇಟ್ಟು ನೋಡುತ್ತಾರೆ. ಮೂರು ಗುರುತು ಹುಡುಕುತ್ತಾರೆ. ಒಂದು, ಕಲ್ಲಿನ ಚೂರಿಯಿಂದ ಕೊಯ್ದ ಸಣ್ಣ ಗೆರೆ. ಎರಡು, ಬೆಂಕಿಯಲ್ಲಿ ಸುಟ್ಟ ಕರಿ ಕಲೆ. ಮೂರು, ಎಲುಬು ಹಸಿ ಇದ್ದಾಗಲೇ ಒಡೆದ ಗುರುತು. ಗೂಗಿಯ ಹೊಟ್ಟೆಯಲ್ಲಿ ಹೋಗಿ ಬಂದ ಎಲುಬು ಬೇರೆ ರೀತಿ ಸವೆದಿರುತ್ತದೆ. ಹೀಗೆ ತೂಗಿ ನೋಡಿ ತೀರ್ಮಾನ ಮಾಡುತ್ತಾರೆ.

ಎಲುಬು ಓದುವವರಲ್ಲಿ ನಮ್ಮ ಧಾರವಾಡ ಸೀಮೆಯವರೊಬ್ಬರು ಹೆಸರಾದರು. ಅವರು ಡಾ. ಕೆ. ಆರ್. ಆಲೂರ. ಅವರು ದನದ ಡಾಕ್ಟರು. ದನಕರುಗಳ ಮೈ ಎಲುಬು ಬಲ್ಲವರು. ಆ ತಿಳುವಳಿಕೆಯಿಂದ ಹಳ್ಳೂರು, ತೆಕ್ಕಲಕೋಟೆ ಮುಂತಾದ ಕಡೆ ಸಿಕ್ಕ ಹಳೆಯ ಎಲುಬುಗಳನ್ನು ಗುರುತಿಸಿಕೊಟ್ಟರು. ಒಂದು ಕೆಲಸದ ತಿಳುವಳಿಕೆ ಇನ್ನೊಂದು ಕೆಲಸಕ್ಕೆ ಹೀಗೆ ನೆರವಾಗುತ್ತದೆ.

ಹಿಡಿಯುವುದು ಹ್ಯಾಂಗ?

ಉಡ ಹುತ್ತದಲ್ಲಿ, ಬಂಡೆಯ ಸಂದಿಯಲ್ಲಿ ಅಡಗುತ್ತದೆ. ಅದನ್ನು ಹಿಡಿಯಲು ಭರ್ಚಿ ಬೇಕಿಲ್ಲ. ಚೂಪಾದ ಒಂದು ಕಟ್ಟಿಗೆ ಸಾಕು. ಆದರೆ ಉಡದ ಪಟ್ಟು ನಿಮಗೆ ಗೊತ್ತೇ ಇದೆ. ಸಂದಿಯೊಳಗೆ ಉಗುರು ಊರಿ ಕೂತರೆ ಎಳೆದರೂ ಬಾರದು. ಅದು ಯಾವ ಹೊತ್ತಿಗೆ ಹೊರಗೆ ಬರುತ್ತದೆ, ಯಾವ ಗುರುತಿನ ತೂತಿನಲ್ಲಿ ಇದೆ, ಅದು ಗೊತ್ತಿರಬೇಕು. ಅಂದರೆ ಬಲಕ್ಕಿಂತ ತಿಳುವಳಿಕೆ ಮುಖ್ಯ.

ಮೊಲಕ್ಕೆ ದಿನಾ ಓಡಾಡುವ ದಾರಿ ಇರುತ್ತದೆ. ಆ ದಾರಿಯಲ್ಲಿ ಉರುಲು ಹಾಕಿದರೆ ಸಾಕು. ನಾರಿನ ಹಗ್ಗದ ಉರುಲು ರಾತ್ರಿ ಎಲ್ಲ ಕಾಯುತ್ತದೆ. ನಾವು ಮಲಗಿದರೂ ಅದು ಮಲಗುವುದಿಲ್ಲ. ಕೌಜುಗ, ಬುರ್ಲಿ ನೆಲದ ಮೇಲೆ ಗುಂಪಾಗಿ ಓಡುತ್ತವೆ. ಅವಕ್ಕೆ ಬಲೆ ಒಡ್ಡಬಹುದು. ಬೇಸಿಗೆಯಲ್ಲಿ ಹೊಳೆ ಬತ್ತಿದಾಗ ಮಡುವಿನಲ್ಲಿ ಮೀನು, ಏಡಿ ಕೈಗೇ ಸಿಗುತ್ತವೆ.

ನಾರು, ಬಲೆ, ಕಟ್ಟಿಗೆ ಇವೆಲ್ಲ ಮಣ್ಣಿನಲ್ಲಿ ಕೊಳೆತು ಹೋಗುತ್ತವೆ. ಅಗೆದರೆ ಸಿಗುವುದಿಲ್ಲ. ಆದರೆ ಬೇಟೆಯಾಡಿ ಬದುಕಿದ ಸಮುದಾಯಗಳ ಹತ್ತಿರ ಈ ವಿದ್ಯೆ ಉಳಿದು ಬಂದಿದೆ. ಎಂ. ಎಲ್. ಕೆ. ಮೂರ್ತಿ ಎಂಬ ವಿದ್ವಾಂಸರು ಕರ್ನೂಲು ಗವಿಗಳ ಸುತ್ತಲಿನ ಇಂಥ ಸಮುದಾಯಗಳ ನಡುವೆ ಓಡಾಡಿದರು. ಯಾವ ಪ್ರಾಣಿಗೆ ಯಾವ ಉರುಲು, ಯಾವ ಬಲೆ ಅಂತ ಕೇಳಿ ತಿಳಿದರು. 1985ರಲ್ಲಿ ಅದನ್ನು ಬರೆದರು. ಗವಿಯಲ್ಲಿ ಸಿಕ್ಕ ಹಳೆಯ ಎಲುಬಿನ ಅರ್ಥ ಬಿಡಿಸಲು ಈ ಜನರ ಮಾತು ಸಹಾಯವಾಯಿತು. ಅಕ್ಷರ ಬಾರದವರ ತಿಳುವಳಿಕೆ ವಿದ್ವಾಂಸರಿಗೆ ಪಾಠವಾಯಿತು. ಅವರನ್ನು ಕೀಳಾಗಿ ನೋಡುವವರು ಈ ಮಾತು ನೆನಪಿಡಬೇಕು.

ಮುಂದೆ ಕಲ್ಲಿನ ಆಯುಧವೂ ಸಣ್ಣದಾಯಿತು. ಚಕಮಕಿ ಕಲ್ಲಿನಿಂದ ಬೆರಳ ಉಗುರಿನಷ್ಟು ಚಿಕ್ಕ ಅಲಗು ಮಾಡಿದರು. ಅದನ್ನು ಮರದ ಅಂಟಿನಿಂದ ಕೋಲಿಗೆ ಕೂಡಿಸಿದರು. ಬಾಣದ ತುದಿ ಆಯಿತು, ಚೂರಿ ಆಯಿತು. ಒಂದು ಅಲಗು ಮುರಿದರೆ ಅದೊಂದನ್ನೇ ಬದಲಿಸಿದರೆ ಸಾಕು. ಕುಡುಗೋಲಿನ ಹಿಡಿಕೆ ಮುರಿದರೆ ನಾವು ಹಿಡಿಕೆ ಒಂದನ್ನೇ ಬದಲಿಸುವುದಿಲ್ಲವೇ, ಹಾಗೆ. ಕರ್ನೂಲು ಸೀಮೆಯ ಜ್ವಾಲಾಪುರಂನಲ್ಲಿ ಸುಮಾರು 35,000 ವರ್ಷದ ಹಿಂದಿನ ಇಂಥ ಅಲಗುಗಳು ಸಿಕ್ಕಿವೆ. ಆ ಕೆಲಸದಲ್ಲಿ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ರವಿ ಕೋರಿಶೆಟ್ಟರ ಅವರೂ ಇದ್ದರು. ಓಡುವ ಮೊಲ, ಹಾರುವ ಹಕ್ಕಿ ಹೊಡೆಯಲು ಇಂಥ ಹಗುರ ಬಾಣವೇ ಬೇಕು.

ಇದು ಯಾರ ಕೆಲಸ?

ಬೇಟೆ ಅಂದರೆ ಗಂಡಸರ ಕೆಲಸ ಅಂತ ನಾವು ತಿಳಿದಿದ್ದೇವೆ. ಎಲ್ಲಾ ಕಡೆ ಹಾಗಿಲ್ಲ. ಆಸ್ಟ್ರೇಲಿಯಾ ದೇಶದ ಮರುಭೂಮಿಯಲ್ಲಿ ಮಾರ್ತು ಎಂಬ ಮೂಲನಿವಾಸಿ ಜನ ಇದ್ದಾರೆ. ಅಲ್ಲಿ ಉಡದ ಬೇಟೆ ಹೆಚ್ಚಾಗಿ ಹೆಂಗಸರದು. ಹುಲ್ಲಿಗೆ ಬೆಂಕಿ ಇಟ್ಟು ಬಿಲ ಕಾಣುವ ಹಾಗೆ ಮಾಡುತ್ತಾರೆ. ಕಟ್ಟಿಗೆಯಿಂದ ಅಗೆದು ಹಿಡಿಯುತ್ತಾರೆ. ದೊಡ್ಡ ಬೇಟೆಗೆ ಹೋದವರು ಒಮ್ಮೊಮ್ಮೆ ಬರಿಗೈಯಲ್ಲಿ ಬರುತ್ತಾರೆ. ಉಡದ ಬೇಟೆಗೆ ಹೋದವರು ಹೆಚ್ಚಾಗಿ ಏನಾದರೂ ತರುತ್ತಾರೆ.

ನಮ್ಮ ಸೀಮೆಯ ಆ ಕಾಲದ ಹೆಂಗಸರು, ಮಕ್ಕಳು, ಮುದುಕರು ಸುಮ್ಮನೆ ಕೂತು ಉಣ್ಣುತ್ತಿದ್ದರು ಅಂತ ತಿಳಿಯಲು ಕಾರಣ ಇಲ್ಲ. ಆಮೆ ಹೆಕ್ಕಲು, ಏಡಿ ಹಿಡಿಯಲು, ಉರುಲು ನೋಡಿ ಬರಲು ಭುಜಬಲ ಬೇಕಿಲ್ಲ. ಕಣ್ಣು, ತಾಳ್ಮೆ, ಅನುಭವ ಬೇಕು. ಮನೆ ನಡೆಸುವ ಸಣ್ಣ ಸಣ್ಣ ಕೆಲಸ ಲೆಕ್ಕಕ್ಕೆ ಬರುವುದಿಲ್ಲ. ಅದು ಇವತ್ತಿನ ಮಾತಷ್ಟೇ ಅಲ್ಲ. ಹಳೆಯ ಕಾಲದ ಕಥೆ ಬರೆಯುವಾಗಲೂ ಹಾಗೇ ಆಗಿದೆ.

ಆಮೆ ಮತ್ತು ಮೊಲ

ಮಕ್ಕಳಿಗೆ ನಾವು ಆಮೆ ಮೊಲದ ಓಟದ ಕಥೆ ಹೇಳುತ್ತೇವೆ. ಇಲ್ಲಿ ಇನ್ನೊಂದು ಆಮೆ ಮೊಲದ ಕಥೆ ಇದೆ. ಇದು ನಡೆದ ಕಥೆ.

ಆಮೆ ಓಡುವುದಿಲ್ಲ. ಕಂಡರೆ ಸಿಕ್ಕಂತೆಯೇ. ಇಸ್ರೇಲ್ ದೇಶದ ಕೆಸೆಮ್ ಗವಿಯಲ್ಲಿ, 2 ಲಕ್ಷ ವರ್ಷಕ್ಕೂ ಹಿಂದೆ, ಜನ ಆಮೆಯನ್ನು ಬೆಂಕಿಯಲ್ಲಿ ಸುಟ್ಟು ತಿಂದ ಗುರುತಿದೆ. ಆದರೆ ಆಮೆ ದೊಡ್ಡದಾಗಿ ಮೊಟ್ಟೆ ಇಡಲು ಅನೇಕ ವರ್ಷ ಬೇಕು. ಮೊಲ ಹಾಗಲ್ಲ. ಅದನ್ನು ಹಿಡಿಯುವುದು ಕಷ್ಟ. ಆದರೆ ಬೇಗ ಬೇಗ ಮರಿ ಹಾಕುತ್ತದೆ. ಕೌಜುಗವೂ ಹಾಗೆಯೇ.

ಮೇರಿ ಸ್ಟೈನರ್ ಎಂಬ ವಿದ್ವಾಂಸೆ ಇಟಲಿ, ಇಸ್ರೇಲ್ ದೇಶಗಳ ಗವಿಗಳ ಎಲುಬುಗಳನ್ನು ಲೆಕ್ಕ ಹಾಕಿದರು. 1999ರಲ್ಲಿ ಅವರು ಮತ್ತು ಜೊತೆಗಾರರು ಒಂದು ಮಾತು ಹೇಳಿದರು. ಮೊದಲು ಜನ ಆಮೆ, ಚಿಪ್ಪಿನ ಹುಳು ಇಂಥ ನಿಧಾನ ಪ್ರಾಣಿಗಳನ್ನೇ ಹೆಚ್ಚು ತಿಂದರು. ಬರಬರುತ್ತ ಗವಿಯಲ್ಲಿ ಸಿಗುವ ಆಮೆಯ ಗಾತ್ರ ಸಣ್ಣದಾಯಿತು. ಯಾಕೆ? ದೊಡ್ಡದಾಗುವ ಮೊದಲೇ ಹಿಡಿದು ತಿನ್ನತೊಡಗಿದರು. ತಿನ್ನುವ ಬಾಯಿ ಹೆಚ್ಚಾಗಿದ್ದವು. ಆಮೇಲೆ ಮೊಲ, ಕೌಜುಗಗಳ ಕಡೆ ತಿರುಗಿದರು. ಅವನ್ನು ಹಿಡಿಯಲು ಬಲೆ, ಉರುಲು, ಬಾಣ ಬೇಕಾದವು.

ನೋಡಿ, ಒಂದು ಆಮೆಯ ಚಿಪ್ಪಿನ ಅಳತೆಯಿಂದ ಜನಸಂಖ್ಯೆ ಹೆಚ್ಚಾದ ಸುದ್ದಿ ಗೊತ್ತಾಯಿತು.

ನಮ್ಮ ನೆರೆಯ ಶ್ರೀಲಂಕಾದಲ್ಲಿ ಇನ್ನೊಂದು ಸಂಗತಿ ಕಂಡಿದೆ. ಅಲ್ಲಿ ಫಾ-ಹಿಯನ್ ಎಂಬ ಗವಿ ಇದೆ. ಸುಮಾರು 45,000 ವರ್ಷದ ಹಿಂದೆ ಅಲ್ಲಿದ್ದ ಜನ ಮುಖ್ಯವಾಗಿ ಮಂಗ, ಅಳಿಲು ಬೇಟೆಯಾಡಿ ತಿಂದರು. ಅಲ್ಲಿ ಸಿಕ್ಕ ಎಲುಬುಗಳಲ್ಲಿ ಬೆಳೆದ ಪ್ರಾಣಿಗಳ ಎಲುಬೇ ಹೆಚ್ಚು ಎಂದು 2019ರಲ್ಲಿ ತಿಳಿದುಬಂತು. ಅವರು ಆರಿಸಿ ಹೊಡೆಯುತ್ತಿದ್ದರು. ಸಾವಿರಾರು ವರ್ಷ ಆ ಕಾಡಿನಲ್ಲಿ ಬದುಕಿದರು. ಬೀಜದ ಕಾಳು ತಿನ್ನಬಾರದು ಅಂತ ಒಕ್ಕಲಿಗನಿಗೆ ಗೊತ್ತು. ಬೇಟೆಗಾರನಿಗೂ ಅದು ಗೊತ್ತಿತ್ತು.

ಬೇಯಿಸುವುದು, ಹಂಚಿ ತಿನ್ನುವುದು

ಗಡಿಗೆ ಇಲ್ಲದ ಕಾಲದಲ್ಲಿ ಸಾರು ಮಾಡಲು ಬರುವುದಿಲ್ಲ. ಕೆಂಡದ ಮೇಲೆ ಸುಡಬೇಕು. ಇಲ್ಲವೇ ತಗ್ಗು ತೋಡಿ, ಕಾದ ಕಲ್ಲು ಹಾಕಿ, ಎಲೆ ಮುಚ್ಚಿ ಬೇಯಿಸಬೇಕು. ಆಮೆಗಂತೂ ಚಿಪ್ಪೇ ಪಾತ್ರೆ.

ಇನ್ನೊಂದು ಮಾತು. ಮೊಲದ ಮಾಂಸದಲ್ಲಿ ಕೊಬ್ಬು ಬಹಳ ಕಡಿಮೆ. ಬೇರೇನೂ ಇಲ್ಲದೆ ಅದನ್ನೇ ದಿನಗಟ್ಟಲೆ ತಿಂದರೆ ಮನುಷ್ಯ ಸೊರಗುತ್ತಾನೆ, ಭೇದಿ ಹತ್ತುತ್ತದೆ. ಆದ್ದರಿಂದ ಆ ಜನ ಎಲುಬು ಒಡೆದು ಒಳಗಿನ ಮಜ್ಜೆ ತಿಂದರು. ಗಡ್ಡೆ, ಕಾಳು, ಜೇನು ಕೂಡಿಸಿದರು. ನಾಲ್ಕು ತರದ ಆಹಾರ ಕೂಡಿದರೇ ಮೈಗೆ ಬಲ ಅಂತ ಆರೋಗ್ಯದ ಅಕ್ಕ ಹೇಳುತ್ತಾರಲ್ಲ, ಅದೇ ಮಾತು.

ದನ ಕಟ್ಟಿದ ಮೇಲೂ ಬಿಡಲಿಲ್ಲ

ಸುಮಾರು 5,000 ವರ್ಷದ ಹಿಂದೆ ನಮ್ಮ ಕೃಷ್ಣಾ ತುಂಗಭದ್ರಾ ಸೀಮೆಯ ಜನ ದನ, ಕುರಿ, ಆಡು ಸಾಕತೊಡಗಿದರು. ಗಡಿಗೆ ಮಾಡಿದರು. ಹುರುಳಿ, ಹೆಸರು, ಕೊರಲೆ ಬೆಳೆದರು. ಹುರುಳಿಯ ಸಾರು ಅಷ್ಟು ಹಳೆಯದು.

ಆಗ ಬೇಟೆ ನಿಂತಿತೇ? ಇಲ್ಲ. ಸುರಪುರ ಸೀಮೆಯ ಬೂದಿಹಾಳದಲ್ಲಿ ಪದ್ದಯ್ಯ ಅವರು 1990ರ ದಶಕದಲ್ಲಿ ಅಗೆದರು. ಸುಮಾರು 4,000 ವರ್ಷದ ಹಿಂದಿನ ದನಗಾರರ ಊರು ಅದು. ಅಲ್ಲಿ ದನ ಕಡಿದು ಮಾಂಸ ಹಂಚುತ್ತಿದ್ದ ಜಾಗವೇ ಸಿಕ್ಕಿತು. ದನದ ಎಲುಬೇ ಹೆಚ್ಚು. ಆದರೆ ಅದರ ಜೊತೆ ಕೃಷ್ಣಮೃಗ, ಉಡ, ಆಮೆ, ಮೀನು, ಏಡಿ ಇವುಗಳ ಅವಶೇಷ ಸಹ ಇದ್ದವು.

ದನ ಇದ್ದವರು ಉಡ ಯಾಕೆ ತಿಂದರು? ದನ ಅಂದರೆ ಆಸ್ತಿ. ದಿನಾ ಕಡಿಯಲು ಆಗುವುದಿಲ್ಲ. ಮನೆಯಲ್ಲಿ ಎಮ್ಮೆ ಇದ್ದರೂ ನಾವು ಹೊಲದ ಬದುವಿನ ಸೊಪ್ಪು ತಂದು ಪಲ್ಯ ಮಾಡುವುದಿಲ್ಲವೇ? ಹಾಗೆಯೇ ಇದು. ಬರ ಬಿದ್ದ ವರ್ಷ ಬದುವಿನ ಸೊಪ್ಪೇ ಜೀವ ಉಳಿಸುತ್ತದೆ. ಆ ಕಾಲದಲ್ಲಿ ಉಡ, ಆಮೆ, ಮೀನು ಹಾಗೆ ಜೀವ ಉಳಿಸಿದವು.

ಆ ಕಾಲದ ಊರುಗಳಲ್ಲಿ ದುಂಡನೆಯ ಕಲ್ಲಿನ ಗುಂಡು ಸಹ ಸಿಗುತ್ತವೆ. ಕವಣಿಯ ಕಲ್ಲು ಇರಬಹುದು ಅಂತ ತಿಳಿದವರು ಹೇಳುತ್ತಾರೆ. ಜೋಳ ತೆನೆ ಬಿಟ್ಟಾಗ ಹಕ್ಕಿ ಓಡಿಸಲು ನಮ್ಮ ಹೊಲದಲ್ಲಿ ಬೀಸುವ ಕವಣಿ ನೆನಪಾಗುತ್ತದೆ.

ಬಾದಾಮಿಯ ಗುಡ್ಡದಲ್ಲಿ

ಬಾದಾಮಿಯ ಗುಹೆಗಳನ್ನು ನೀವು ನೋಡಿರಬಹುದು. ಮೂರನೆಯ ಗುಹೆಯನ್ನು ಚಾಲುಕ್ಯರು 578ರಲ್ಲಿ ಮಾಡಿಸಿದರು. ಅದೇ ಗುಡ್ಡಗಳಲ್ಲಿ ಸ್ವಲ್ಪ ದೂರ ನಡೆದರೆ ಸಿಡಿಲಪಡಿ ಎಂಬ ದೊಡ್ಡ ಬಂಡೆಯ ಆಸರೆ ಇದೆ. ಸಿಡಿಲು ಬಡಿದು ಬಂಡೆಗೆ ತೂತು ಬಿತ್ತು ಅಂತ ಜನ ಹೇಳುತ್ತಾರೆ. ಮಳೆ ಬಂದರೆ ಒಂದು ಕುರಿಹಿಂಡು ನಿಲ್ಲುವಷ್ಟು ಜಾಗ. ಅಲ್ಲಿ ಬಂಡೆಯ ಮೇಲೆ ಕೆಂಪು ಬಣ್ಣದ ಹಳೆಯ ಚಿತ್ರಗಳಿವೆ. ಮನುಷ್ಯರಿದ್ದಾರೆ, ಪ್ರಾಣಿಗಳಿವೆ. ಇವು ಚಾಲುಕ್ಯರಿಗಿಂತ ಬಹಳ ಹಿಂದಿನವು. ನಾವು ಗೋಡೆಗೆ ಬಳಿಯುವ ಜಾಜಿನಂಥ ಕೆಮ್ಮಣ್ಣೇ ಆ ಬಣ್ಣ.

ಇಂಥ ಕಡೆ ಒಂದು ಕೆಟ್ಟ ರೂಢಿ ಬಂದಿದೆ. ಹಳೆಯ ಬಂಡೆ ಕಂಡಲ್ಲಿ ಇದ್ದಿಲಿನಿಂದಲೋ ಬಣ್ಣದಿಂದಲೋ ಹೆಸರು ಬರೆಯುತ್ತಾರೆ. ಹೀಗೆ ಬರೆಯುವವರು ಅಕ್ಷರ ಬಲ್ಲವರೇ. ಸಾವಿರಾರು ವರ್ಷ ಮಳೆ ಗಾಳಿ ತಡೆದ ಚಿತ್ರ ಒಂದು ಗಳಿಗೆಯಲ್ಲಿ ಹಾಳಾಗುತ್ತದೆ. ನಾವು ಕಷ್ಟಪಟ್ಟು ಹೆಸರು ಬರೆಯಲು ಕಲಿತಿದ್ದೇವೆ. ಅದನ್ನು ಪಾಟಿಯ ಮೇಲೆ ಬರೆಯೋಣ, ಅರ್ಜಿಯ ಮೇಲೆ ಬರೆಯೋಣ, ಬ್ಯಾಂಕಿನ ಪುಸ್ತಕದಲ್ಲಿ ಬರೆಯೋಣ. ಹಿರಿಯರ ಚಿತ್ರದ ಮೇಲೆ ಬರೆಯುವುದು ಬ್ಯಾಡ.

ಆಲಮಟ್ಟಿಯ ಹಿನ್ನೀರು ಬಂದ ಮೇಲೆ ನದಿ ದಂಡೆಯ ಎಷ್ಟೋ ಜಾಗ ಮುಳುಗಿತು. ಉಸುಕು, ಗರಸು ಅಗೆಯುವಾಗಲೂ ಹಳೆಯ ಗುರುತು ಹೋಗುತ್ತವೆ. ಹೊಲದಲ್ಲಿ ವಿಚಿತ್ರವಾದ ಕಲ್ಲಿನ ಕೊಡಲಿ, ಹಳೆಯ ಎಲುಬು ಸಿಕ್ಕರೆ ಬಿಸಾಕಬೇಡಿ. ಮಾರಬೇಡಿ. ಸಿಕ್ಕ ಜಾಗ ನೆನಪಿಟ್ಟು ಊರಿನ ಶಾಲೆಯ ಗುರುಗಳಿಗೆ, ಪಂಚಾಯತಿಗೆ ತಿಳಿಸಿ.

ಈಗ ಬೇಟೆ ಯಾಕೆ ಬೇಡ?

"ನಮ್ಮ ಹಿರ್ಯಾರು ತಿಂದಾರಂದ್ರ ನಾವು ತಿಂದ್ರೇನ ತಪ್ಪು?" ಅಂತ ಯಾರಾದರೂ ಕೇಳಬಹುದು. ಆಗ ಜನ ಕಡಿಮೆ, ಕಾಡು ಹೆಚ್ಚು. ಈಗ ಕಾಡು ಕಡಿಮೆ, ಜನ ಹೆಚ್ಚು. ಆಮೆಯ ಕಥೆ ಮತ್ತೆ ನೆನೆಯಿರಿ. 1972ರ ವನ್ಯಜೀವಿ ಕಾಯ್ದೆಯ ಪ್ರಕಾರ ಉಡ, ಮೊಲ, ಆಮೆ, ನವಿಲು ಹಿಡಿಯುವುದು, ಕೊಲ್ಲುವುದು, ಮಾರುವುದು ಅಪರಾಧ. ಜೈಲು ಶಿಕ್ಷೆ ಆಗುತ್ತದೆ. ಉಡದ ಎಣ್ಣೆ ಮಂಡಿನೋವಿಗೆ ಮದ್ದು ಅಂತ ಸಂತೆಯಲ್ಲಿ ಯಾರಾದರೂ ಹೇಳಿದರೆ ಮೋಸ ಹೋಗಬೇಡಿ. ನಮ್ಮ ಜಿಲ್ಲೆಯಲ್ಲಿಯೇ ಯಡಹಳ್ಳಿಯಲ್ಲಿ ಚಿಂಕಾರ ಎಂಬ ಸಣ್ಣ ಜಿಂಕೆಯನ್ನು ಕಾಪಾಡಲು ಧಾಮ ಮಾಡಿದ್ದಾರೆ.

ಒಂದು ಕಾಲಕ್ಕೆ ಈ ಸಣ್ಣ ಪ್ರಾಣಿಗಳು ಮನುಷ್ಯನ ಕೂಸುಗಳನ್ನು ಉಳಿಸಿದವು. ಆ ಕೂಸುಗಳು ಬೆಳೆದು ಹೊಲ ಮಾಡಿದರು, ಊರು ಕಟ್ಟಿದರು. ಈಗ ಅವನ್ನು ಉಳಿಸುವ ಪಾಳಿ ನಮ್ಮದು.

ಕೂಡಿ ಮಾತಾಡಿ

1. ನಿಮ್ಮ ಅಜ್ಜಿ ಬರಗಾಲದಲ್ಲಿ ಏನೇನು ತಿಂದು ಬದುಕಿದ್ದರು? ಕೇಳಿ ಬರೆಯಿರಿ.

2. ಆಮೆಯ ಚಿಪ್ಪು ಸಣ್ಣದಾದದ್ದರಿಂದ ಯಾವ ಸಂಗತಿ ತಿಳಿಯಿತು?

3. ಎಲುಬು ಮನುಷ್ಯ ತಿಂದದ್ದೋ, ಗೂಗಿ ತಿಂದದ್ದೋ ಎಂದು ಹ್ಯಾಂಗ ಗುರುತಿಸುತ್ತಾರೆ?

4. ನಿಮ್ಮ ಊರ ಸುತ್ತ ಹಳೆಯ ಬಂಡೆ, ಗವಿ, ಹಳೆಯ ಕಲ್ಲು ಎಲ್ಲಿವೆ? ಅವನ್ನು ಕಾಯಲು ನಾವು ಏನು ಮಾಡಬಹುದು?